ಕೆಲಸದ ಓಡಾಟಕ್ಕೆ ಜಿಪಿಎಸ್: ದಾರಿ ಸಿಗಲಿ, ಬೇಡದ ಜಾಡು ಉಳಿಯದಿರಲಿ

ಜಿಪಿಎಸ್ ಉಪಗ್ರಹಕ್ಕೆ ನೀವು ಎಲ್ಲಿದ್ದೀರಿ ಎಂಬುದು ತಿಳಿಯುವುದೇ ಇಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುವ ಈ ಉಪಗ್ರಹಗಳು ರೇಡಿಯೊ ಕೇಂದ್ರದ ಹಾಗೆ ತಮ್ಮ ಸ್ಥಾನವನ್ನೂ ಸಮಯವನ್ನೂ ಸಾರುತ್ತಲೇ ಇರುತ್ತವೆ. ಮೊಬೈಲಿನಲ್ಲಿರುವ ರಿಸೀವರ್ ಕನಿಷ್ಠ 4 ಉಪಗ್ರಹಗಳ ಸಂಕೇತ ಹಿಡಿದು, ಒಂದೊಂದೂ ತಲುಪಲು ತೆಗೆದುಕೊಂಡ ಹೊತ್ತನ್ನು ಅಳೆದು, ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕುತ್ತದೆ. ರಿಸೀವರಿನ ಕೆಲಸ ಕೇಳಿಸಿಕೊಳ್ಳುವುದಷ್ಟೇ. ಅದು ಯಾರಿಗೂ ಏನನ್ನೂ ಹೇಳುವುದಿಲ್ಲ. ನಿಮ್ಮ ಜಾಗ ಬೇರೆಯವರಿಗೆ ತಿಳಿಯುವುದು ಈ ಲೆಕ್ಕ ಮುಗಿದ ಮೇಲೆ, ಯಾವುದಾದರೂ ಆ್ಯಪ್ ಅದನ್ನು ಇಂಟರ್ನೆಟ್ ಮೂಲಕ ಹೊರಗೆ ಕಳಿಸಿದಾಗ.

ಹಾಗಾಗಿ ದಾರಿ ಕಾಣುವುದು ಬೇರೆ, ದಾರಿ ದಾಖಲಾಗುವುದು ಬೇರೆ. ಸೇಲ್ಸ್, ಸರ್ವಿಸ್, ಡೆಲಿವರಿ ಕೆಲಸದವರು, ಮನೆಮನೆಗೆ ಹೋಗುವ ನರ್ಸ್‌ಗಳು, ಸೈಟ್ ಎಂಜಿನಿಯರುಗಳು, ಹೀಗೆ ದಿನವಿಡೀ ರಸ್ತೆಯ ಮೇಲಿರುವ ಯಾರೇ ಆದರೂ ಮೊದಲನೆಯದನ್ನು ಪೂರ್ತಿ ಬಳಸಿಕೊಂಡು, ಎರಡನೆಯದನ್ನು ಕೆಲಸಕ್ಕೆ ಬೇಕಾದಷ್ಟಕ್ಕೇ ನಿಲ್ಲಿಸಬಹುದು. ಅದಕ್ಕೆ ಬೇಕಾದ ಸಿದ್ಧತೆ ಇಲ್ಲಿದೆ.

ಹಿಂದಿನ ದಿನವೇ ಮುಗಿಸಬೇಕಾದದ್ದು

ದಾರಿ ತಪ್ಪುವುದು ಹೆಚ್ಚಾಗಿ ರಸ್ತೆಯಲ್ಲಲ್ಲ, ವಿಳಾಸ ಹಾಕುವಾಗ. ಕಟ್ಟಡದ ಹೆಸರು ಹಾಕಿ ಹುಡುಕಿದರೆ ಅದೇ ಹೆಸರಿನ ಇನ್ನೊಂದು ಕಟ್ಟಡ ಮೊದಲು ಬರಬಹುದು. ಸರಿಯಾದ ಕಟ್ಟಡವೇ ಬಂದರೂ ಪಿನ್ ಅದರ ನಟ್ಟನಡುವೆ ಇರುತ್ತದೆ. ಆ್ಯಪ್ ಆ ಪಿನ್ನಿಗೆ ಅತಿ ಹತ್ತಿರದ ರಸ್ತೆಗೆ ಕರೆದೊಯ್ಯುತ್ತದೆ. ಆ ರಸ್ತೆ ಹಿಂಬದಿಯ ಗೋಡೆಯ ಪಕ್ಕದ್ದಾಗಿದ್ದರೆ, ನೀವು ಗೋಡೆಯ ಮುಂದೆ ನಿಂತಿರುವಾಗಲೇ 'ತಲುಪಿದ್ದೀರಿ' ಎಂಬ ದನಿ ಕೇಳುತ್ತದೆ. ಇದಕ್ಕೆ ಪರಿಹಾರ ಸರಳ. ಭೇಟಿಯಾಗಬೇಕಾದವರಿಗೆ ಒಳಗೆ ಬರುವ ಗೇಟಿನ ಬಳಿ ನಿಂತು ಲೊಕೇಶನ್ ಪಿನ್ ಕಳಿಸಲು ಹೇಳಿ. ಬಂದ ಪಿನ್ನನ್ನು ಉಪಗ್ರಹ ಚಿತ್ರದಲ್ಲಿ ತೆರೆದು ಗೇಟು, ಪಾರ್ಕಿಂಗ್, ರಸ್ತೆಯ ನಡುವಿನ ಡಿವೈಡರ್ ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ. ಡಿವೈಡರ್ ಇದ್ದರೆ ಯಾವ ದಿಕ್ಕಿನಿಂದ ಬರಬೇಕು ಎಂಬುದೂ ಮೊದಲೇ ತಿಳಿದಿರುತ್ತದೆ.

ಹೊಲ, ಟವರ್, ಕಾಮಗಾರಿಯ ಸೈಟುಗಳಂಥ ಹೆಸರಿಲ್ಲದ ಜಾಗಗಳಿಗೆ ಅಕ್ಷಾಂಶ ರೇಖಾಂಶವೇ ಗಟ್ಟಿ. ಇಲ್ಲಿ ಮೂರು ತಪ್ಪುಗಳು ಪದೇಪದೇ ಆಗುತ್ತವೆ. ಒಂದು, ಕ್ರಮ ಅದಲುಬದಲಾಗುವುದು. ಮ್ಯಾಪ್ ಆ್ಯಪ್‌ಗಳಲ್ಲಿ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ಆದರೆ ಜಿಯೊಜೇಸನ್‌ನಂಥ ಕಂಪ್ಯೂಟರ್ ಕಡತಗಳಲ್ಲಿ ರೇಖಾಂಶ ಮೊದಲು ಬರುತ್ತದೆ. ಕಚೇರಿಯ ಸಾಫ್ಟ್‌ವೇರಿನಿಂದ ನಕಲು ಮಾಡಿದ ಅಂಕಿ ಸಮುದ್ರದ ನಡುವೆಯೋ ಬೇರೆ ದೇಶದಲ್ಲೋ ಬಿದ್ದರೆ ಎರಡನ್ನೂ ತಿರುಗಿಸಿ ಹಾಕಿ ನೋಡಿ. ಎರಡು, ಡಿಗ್ರಿ-ನಿಮಿಷವನ್ನು ದಶಮಾಂಶ ಎಂದುಕೊಳ್ಳುವುದು. 12 ಡಿಗ್ರಿ 30 ನಿಮಿಷ ಎಂದರೆ 12.5, 12.30 ಅಲ್ಲ. ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿಲೋಮೀಟರ್ ಆದ್ದರಿಂದ ಈ 0.2 ಡಿಗ್ರಿಯ ತಪ್ಪು ನಿಮ್ಮನ್ನು 22 ಕಿಲೋಮೀಟರ್ ಆಚೆ ನಿಲ್ಲಿಸುತ್ತದೆ. ಮೂರು, ಕೊನೆಯ ಅಂಕಿಗಳನ್ನು ಕತ್ತರಿಸುವುದು. ದಶಮಾಂಶದ ನಂತರ 5 ಅಂಕಿ ಇದ್ದರೆ ಹೆಚ್ಚುಕಡಿಮೆ ಒಂದು ಮೀಟರ್, 4 ಇದ್ದರೆ 11 ಮೀಟರ್, 3 ಇದ್ದರೆ 111 ಮೀಟರ್ ಮಟ್ಟದ ಗುರುತು. ಗೇಟು ಹುಡುಕಲು 5 ಅಂಕಿ ಬೇಕು. ಇದೇ ಲೆಕ್ಕ ಖಾಸಗಿತನಕ್ಕೂ ನೆರವಾಗುತ್ತದೆ: ಒಂದು ಜಾಗವನ್ನು ಅಂದಾಜಾಗಿ ಹೇಳಿದರೆ ಸಾಕು ಎನ್ನುವಲ್ಲಿ 2 ಅಂಕಿಗೆ ನಿಲ್ಲಿಸಿ, ಆಗ ಗುರುತು ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ.

ಮ್ಯಾಪನ್ನು ವೈಫೈ ಇರುವಾಗ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಗೂಗಲ್ ಮ್ಯಾಪ್ಸಿನಲ್ಲಿ ಪ್ರೊಫೈಲ್ ಚಿತ್ರ ಒತ್ತಿ 'ಆಫ್‌ಲೈನ್ ಮ್ಯಾಪ್ಸ್'ಗೆ ಹೋಗಿ, ನೀವು ಓಡಾಡುವ ಪ್ರದೇಶದ ಮೇಲೆ ಚೌಕವನ್ನು ಹಿಗ್ಗಿಸಿ ಇಳಿಸಿಕೊಂಡರೆ ಆಯಿತು. ಆಫ್‌ಲೈನಿನಲ್ಲಿ ಕಾರು ಓಡಿಸುವ ದಾರಿ ಮಾತ್ರ ಸಿಗುತ್ತದೆ; ನಡಿಗೆ, ಸೈಕಲ್, ಬಸ್ಸಿನ ದಾರಿ ಸಿಗುವುದಿಲ್ಲ, ಟ್ರಾಫಿಕ್ ಕೂಡ ತಿಳಿಯುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಎಲ್ಲರೂ ಸೇರಿ ಕಟ್ಟಿದ ನಕ್ಷೆಯನ್ನು ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್, ಆಸ್ಮ್‌ಆ್ಯಂಡ್ ಎಂಬ ಆ್ಯಪ್‌ಗಳು ನಡಿಗೆ ಮತ್ತು ಸೈಕಲ್ಲಿನ ದಾರಿಯನ್ನೂ ಫೋನಿನೊಳಗೇ ಲೆಕ್ಕ ಹಾಕುತ್ತವೆ. ಅವುಗಳಿಗೆ ಖಾತೆ ತೆರೆಯಬೇಕಿಲ್ಲ, ನೀವು ಎಲ್ಲಿಗೆ ಹೊರಟಿರಿ ಎಂಬುದು ಫೋನ್ ಬಿಟ್ಟು ಹೊರಗೆ ಹೋಗಬೇಕಿಲ್ಲ. ಟ್ರಾಫಿಕ್ ಮುಖ್ಯವಾದ ದಟ್ಟ ನಗರದಲ್ಲಿ ಗೂಗಲ್ ಅಥವಾ ಆಪಲ್ ಮ್ಯಾಪ್ಸ್, ಸೂಕ್ಷ್ಮವಾದ ಭೇಟಿಗಳಿಗೆ ಮತ್ತು ಸಿಗ್ನಲ್ ಇಲ್ಲದ ಕಡೆಗೆ ಆಫ್‌ಲೈನ್ ಆ್ಯಪ್: ಎರಡನ್ನೂ ಇಟ್ಟುಕೊಳ್ಳುವುದೇ ಸರಿ.

ಒಂದೇ ದಿನ ಹಲವು ಕಡೆ ಹೋಗುವುದಿದ್ದರೆ ಗೂಗಲ್ ಮ್ಯಾಪ್ಸಿನಲ್ಲಿ ನಡುವಿನ ನಿಲುಗಡೆಗಳನ್ನು ಸೇರಿಸಬಹುದು. ನೀವು ಕೊಟ್ಟ ಕ್ರಮದಲ್ಲೇ ಅದು ಕರೆದೊಯ್ಯುತ್ತದೆ, ಯಾವುದು ಮೊದಲಾದರೆ ಸುತ್ತು ಕಡಿಮೆ ಎಂದು ತಾನಾಗಿ ಹೊಂದಿಸುವುದಿಲ್ಲ. ಆದ್ದರಿಂದ ಮೊದಲು ಎಲ್ಲ ಪಿನ್ನುಗಳನ್ನೂ ಒಂದೇ ನೋಟದಲ್ಲಿ ನೋಡಿ, ಸಮಯ ಗೊತ್ತುಪಡಿಸಿದ ಭೇಟಿಗಳನ್ನು ಗಟ್ಟಿ ಮಾಡಿಕೊಂಡು, ಉಳಿದವನ್ನು ಅವುಗಳ ನಡುವೆ ಕೂರಿಸಿ. ಒಂದೊಂದೇ ಭೇಟಿಯ ದಾರಿ ನೋಡುವಾಗ ಮೆನುವಿನಲ್ಲಿ ತಲುಪಬೇಕಾದ ಸಮಯ ಹಾಕುವ ಆಯ್ಕೆ ಇದೆ. ಹಿಂದಿನ ರಾತ್ರಿ ಹತ್ತು ಗಂಟೆಗೆ ನೋಡಿದ 25 ನಿಮಿಷ ಬೆಳಗಿನ ಒಂಬತ್ತಕ್ಕೆ 25 ನಿಮಿಷವಾಗಿ ಉಳಿದಿರುವುದಿಲ್ಲ. ಆ್ಯಪ್ ಹೇಳುವುದು ರಸ್ತೆಯ ಹೊತ್ತು ಮಾತ್ರ. ಪಾರ್ಕಿಂಗ್, ಗೇಟಿನಲ್ಲಿ ಹೆಸರು ಬರೆಸುವುದು, ಲಿಫ್ಟಿಗೆ ಕಾಯುವುದು ಇವಕ್ಕೆ 10-15 ನಿಮಿಷ ನೀವೇ ಸೇರಿಸಿಕೊಳ್ಳಬೇಕು.

ಲಾರಿ, ಎತ್ತರದ ವ್ಯಾನ್ ಓಡಿಸುವವರಿಗೆ ಒಂದು ಎಚ್ಚರ: ಸಾಮಾನ್ಯ ಮ್ಯಾಪ್ ಆ್ಯಪ್‌ಗಳು ನಿಮ್ಮನ್ನು ಕಾರು ಎಂದೇ ತಿಳಿಯುತ್ತವೆ. ಕೆಳಸೇತುವೆಯ ಎತ್ತರ, ಸೇತುವೆಯ ಭಾರದ ಮಿತಿ, ಭಾರಿ ವಾಹನ ನಿಷೇಧದ ವೇಳೆ ಅವುಗಳ ಲೆಕ್ಕದಲ್ಲಿಲ್ಲ. ವಾಹನದ ಎತ್ತರ, ಅಗಲ, ತೂಕ ತುಂಬಿಸಿಕೊಳ್ಳುವ ಲಾರಿಗಳ ನ್ಯಾವಿಗೇಶನ್ ಸಾಧನವನ್ನೇ ಬಳಸಿ.

ಗಾಡಿಯೊಳಗೆ ಫೋನ್ ಇಡುವುದು

ಹೋಲ್ಡರ್ ಗಟ್ಟಿಯಾಗಿರಲಿ, ಕಣ್ಣಿನ ನೇರಕ್ಕಿಂತ ತುಸು ಕೆಳಗಿರಲಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದಲ್ಲಿ ಬೇಡವೇ ಬೇಡ. ಗಾಡಿ ಹೊರಡುವ ಮುಂಚೆಯೇ ವಿಳಾಸ ಹಾಕಿ ದನಿಯನ್ನು ಜೋರು ಮಾಡಿ. ಓಡಿಸುವಾಗ ಕಿವಿ ಸಾಕು.

ಚಾರ್ಜಿಗೆ ಹಾಕಿದ್ದರೂ ಬ್ಯಾಟರಿ ಇಳಿಯುತ್ತಿದೆ ಎಂಬ ದೂರಿಗೆ ಕಾರಣ ಹೆಚ್ಚಾಗಿ ಕಾರಿನದೇ ಯುಎಸ್‌ಬಿ ಕಿಂಡಿ. ಹಳೆಯ ಕಾರುಗಳಲ್ಲಿ ಅದು 0.5 ಆಂಪಿಯರ್, ಅಂದರೆ 2.5 ವ್ಯಾಟ್ ಮಾತ್ರ ಕೊಡುತ್ತದೆ. ಉರಿಯುವ ಪರದೆ, ಜಿಪಿಎಸ್, ಡೇಟಾ ಮೂರೂ ಸೇರಿದರೆ ಅದಕ್ಕಿಂತ ಹೆಚ್ಚು ಬೇಕು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ, ಕನಿಷ್ಠ 2 ಆಂಪಿಯರ್ ಕೊಡುವ ಚಾರ್ಜರ್ ತೆಗೆದುಕೊಳ್ಳಿ, ಗಿಡ್ಡ ಕೇಬಲ್ ಬಳಸಿ. ಬಿಸಿಲು ನೇರವಾಗಿ ಬೀಳುವ ಗಾಜಿನ ಹಿಂದೆ ಚಾರ್ಜ್ ಆಗುತ್ತಿರುವ ಫೋನ್ ಬೇಗ ಕಾಯುತ್ತದೆ. ಐಫೋನಿಗೆ ಆಪಲ್ ಹೇಳುವ ಬಳಕೆಯ ಮಿತಿಯೇ ಸುತ್ತಲಿನ ಉಷ್ಣಾಂಶ 35 ಡಿಗ್ರಿ. ಮಿತಿ ಮೀರಿದರೆ ಚಾರ್ಜಿಂಗ್ ನಿಧಾನವಾಗುತ್ತದೆ, ಪರದೆ ಮಂಕಾಗುತ್ತದೆ, ಕೊನೆಗೆ ಫೋನ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಏಸಿಯ ಗಾಳಿ ಬರುವ ಕಿಂಡಿಯ ಮುಂದೆ ಸಿಕ್ಕಿಸುವ ಹೋಲ್ಡರ್ ಇದಕ್ಕೆ ಒಳ್ಳೆಯದು.

ತೆರೆದ ರಸ್ತೆಯಲ್ಲೂ ಸಿಗ್ನಲ್ ಸಿಗದಿದ್ದರೆ ಎರಡು ಅನುಮಾನ ಪಡಬೇಕು. ಬಿಸಿಲು ತಡೆಯಲು ಲೋಹದ ತೆಳು ಲೇಪ ಕೊಟ್ಟ ಮುಂಗಾಜು ಉಪಗ್ರಹದ ಸಂಕೇತವನ್ನೂ ತಡೆಯುತ್ತದೆ. ಅಂಥ ಗಾಜಿನಲ್ಲಿ ಸಾಮಾನ್ಯವಾಗಿ ಹಿಂದಿನ ರಸ್ತೆ ನೋಡುವ ಒಳಗನ್ನಡಿಯ ಸುತ್ತ ಲೇಪವಿಲ್ಲದ ಜಾಗ ಬಿಟ್ಟಿರುತ್ತಾರೆ. ಇನ್ನೊಂದು, ಅಗ್ಗದ ಡ್ಯಾಶ್‌ಕ್ಯಾಮ್ ಅಥವಾ ಚಾರ್ಜರ್. ಜಿಪಿಎಸ್ಸಿನ ಮುಖ್ಯ ಸಂಕೇತ 1575.42 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ನೆಲ ಮುಟ್ಟುವ ಹೊತ್ತಿಗೆ ಬಹಳ ಕ್ಷೀಣವಾಗಿರುತ್ತದೆ. ಸರಿಯಾಗಿ ಕವಚವಿಲ್ಲದ ಸಾಧನದ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ಒಂದೊಂದನ್ನಾಗಿ ಕಿತ್ತು ನೋಡಿದರೆ ಕಳ್ಳ ಯಾರೆಂದು ಗೊತ್ತಾಗುತ್ತದೆ.

ನೀಲಿ ಚುಕ್ಕೆ ತಪ್ಪು ಹೇಳುವಾಗ

ನೆಲಮಾಳಿಗೆಯ ಪಾರ್ಕಿಂಗಿನಿಂದ ಹೊರಬಂದ ಕೂಡಲೇ ಚುಕ್ಕೆ ಅಲೆದಾಡುವುದು ಸಹಜ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ 50 ಬಿಟ್‌ಗಳ ಆಮೆ ವೇಗದಲ್ಲಿ ಕಳಿಸುತ್ತದೆ. ತನ್ನದೇ ಕಕ್ಷೆಯ ವಿವರ ಬರಲು ಸುಮಾರು 30 ಸೆಕೆಂಡ್, ಎಲ್ಲ ಉಪಗ್ರಹಗಳ ಪಟ್ಟಿ ಬರಲು 12.5 ನಿಮಿಷ ಹಿಡಿಯುತ್ತದೆ. ಮೊಬೈಲ್ ಡೇಟಾ ಆನ್ ಇದ್ದರೆ ಫೋನ್ ಈ ಪಟ್ಟಿಯನ್ನು ಇಂಟರ್ನೆಟ್ಟಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಕಾಯಲೇಬೇಕು. ಹೊರಗೆ ಬಂದು ಆಕಾಶ ಕಾಣುವ ಕಡೆ ಅರ್ಧ ನಿಮಿಷ ನಿಂತು ಆಮೇಲೆ ಹೊರಡಿ. ಇಲ್ಲದಿದ್ದರೆ ಮೊದಲ ತಿರುವೇ ತಪ್ಪುತ್ತದೆ.

ಆಕಾಶ ತೆರೆದಿರುವಲ್ಲಿ ಒಳ್ಳೆಯ ಫೋನಿನ ಗುರುತು ಸುಮಾರು 5 ಮೀಟರ್ ಒಳಗೆ ಇರುತ್ತದೆ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ಬಡಿದು ಸುತ್ತಿಕೊಂಡು ಬರುವುದರಿಂದ ರಿಸೀವರ್ ದೂರವನ್ನು ಹೆಚ್ಚಾಗಿ ಎಣಿಸುತ್ತದೆ, ಚುಕ್ಕೆ ಪಕ್ಕದ ರಸ್ತೆಗೆ ಜಿಗಿಯುತ್ತದೆ. ಎಲ್‌1 ಎಂಬ ಮುಖ್ಯ ಸಂಕೇತದ ಜೊತೆಗೆ ಎಲ್‌5 ಎಂಬ ಇನ್ನೊಂದು ತರಂಗವನ್ನೂ ಹಿಡಿಯುವ ಫೋನುಗಳು ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. 2018ರಿಂದ ಇಂಥವು ಬರುತ್ತಿವೆ. ದಿನವೂ ರಸ್ತೆಯಲ್ಲಿರುವವರು ಹೊಸ ಫೋನ್ ಕೊಳ್ಳುವಾಗ ಕ್ಯಾಮೆರಾಕ್ಕಿಂತ ಮೊದಲು ಇದನ್ನು ನೋಡಲಿ. ಯಾವ ಫೋನಾದರೂ ಮೇಲ್ಸೇತುವೆಯ ಮೇಲಿದ್ದೀರೋ ಕೆಳಗಿದ್ದೀರೋ ಎಂಬುದನ್ನು ನಂಬಿಕೆಯಿಂದ ಹೇಳಲಾರದು. ಅಲ್ಲಿ ಮುಂದಿನ ತಿರುವನ್ನು ಮೊದಲೇ ಓದಿಕೊಂಡು ರಸ್ತೆಯ ಫಲಕವನ್ನೇ ನಂಬಿ.

ಬಾಣ ತಿರುಗಾಮುರುಗಾ ತೋರಿಸುತ್ತಿದ್ದರೆ ಅದು ದಿಕ್ಸೂಚಿಯ ತೊಂದರೆ, ಜಿಪಿಎಸ್ಸಿನದಲ್ಲ. ಆಯಸ್ಕಾಂತವಿರುವ ಹೋಲ್ಡರ್ ಅಥವಾ ಕವರ್ ತೆಗೆದು, ಫೋನನ್ನು ಗಾಳಿಯಲ್ಲಿ ಇಂಗ್ಲಿಷ್ 8ರ ಆಕಾರದಲ್ಲಿ ನಾಲ್ಕಾರು ಸಲ ಆಡಿಸಿ. ಪರದೆ ಆರಿದೊಡನೆ ನ್ಯಾವಿಗೇಶನ್ ಸತ್ತುಹೋಗುತ್ತಿದ್ದರೆ ಬ್ಯಾಟರಿ ಸೇವರ್ ಆಫ್ ಮಾಡಿ, ಆ್ಯಪ್‌ನ ಬ್ಯಾಟರಿ ಆಯ್ಕೆಯನ್ನು 'ಅನ್‌ರಿಸ್ಟ್ರಿಕ್ಟೆಡ್'ಗೆ ಬದಲಾಯಿಸಿ.

ಜಾಡು ಎಲ್ಲೆಲ್ಲಿ ಉಳಿಯುತ್ತದೆ

'ಹೆಸರಿಲ್ಲದ ಲೊಕೇಶನ್ ಮಾಹಿತಿಯಿಂದ ಏನಾದೀತು' ಎನ್ನುವವರಿಗೆ 2013ರಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಉತ್ತರ ಕೊಟ್ಟಿದೆ. 15 ಲಕ್ಷ ಜನರ ಮೊಬೈಲ್ ದಾಖಲೆಯಲ್ಲಿ, ಯಾವ ಹೊತ್ತಿಗೆ ಯಾವ ಟವರಿನ ಬಳಿ ಇದ್ದರು ಎಂಬ ಬರಿಯ 4 ಬಿಂದುಗಳು ಸಿಕ್ಕರೆ ಸಾಕು, 95 ಶೇಕಡಾ ಜನರ ಜಾಡನ್ನು ಉಳಿದವರಿಂದ ಬೇರ್ಪಡಿಸಿ ಗುರುತಿಸಬಹುದಿತ್ತು. ರಾತ್ರಿ ನಿಲ್ಲುವ ಜಾಗ ಮನೆ, ಹಗಲು ಹೆಚ್ಚು ಹೊತ್ತು ನಿಲ್ಲುವ ಜಾಗ ಕಚೇರಿ. ಈ ಎರಡು ತಿಳಿದರೆ ಹೆಸರು ತಿಳಿದಂತೆಯೇ. ಗುಂಪಿನ ಮಾಹಿತಿಯೂ ನಿರಪಾಯವಲ್ಲ. ವ್ಯಾಯಾಮದ ಆ್ಯಪ್ ಸ್ಟ್ರಾವಾ 2017ರ ನವೆಂಬರಿನಲ್ಲಿ ಪ್ರಕಟಿಸಿದ, ಜನ ಓಡಾಡಿದ ಹಾದಿಗಳು ಬೆಳಗುವ ಜಾಗತಿಕ ಹೀಟ್‌ಮ್ಯಾಪಿನಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಬೇರೇನೂ ಇಲ್ಲದ ಮರುಭೂಮಿಯಲ್ಲಿ ಸೈನಿಕರು ಓಡಿದ ಹಾದಿಗಳು ಬೆಳಗಿ ಸೇನಾ ನೆಲೆಗಳ ಆಕಾರವೇ ಕಂಡುಬಂದದ್ದು 2018ರ ಜನವರಿಯಲ್ಲಿ ದೊಡ್ಡ ಸುದ್ದಿಯಾಯಿತು.

ನಿಮ್ಮ ಫೋನಿನಲ್ಲಿ ಮಾಡಬೇಕಾದ್ದು ಈ ಕ್ರಮದಲ್ಲಿ:

1. ಲೊಕೇಶನ್ ಅನುಮತಿ ಇರುವ ಆ್ಯಪ್‌ಗಳ ಪಟ್ಟಿ ತೆರೆಯಿರಿ. ಆಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್, ಲೊಕೇಶನ್, ಆ್ಯಪ್ ಪರ್ಮಿಷನ್ಸ್. ಐಫೋನಿನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಲೊಕೇಶನ್ ಸರ್ವೀಸಸ್.
2. 'ಸದಾಕಾಲ' ಎಂಬ ಅನುಮತಿ ಇರುವವನ್ನೆಲ್ಲ 'ಬಳಸುವಾಗ ಮಾತ್ರ'ಕ್ಕೆ ಇಳಿಸಿ. ದಾರಿ ತೋರಿಸುವ ಆ್ಯಪ್‌ಗೂ ಇಷ್ಟೇ ಸಾಕು. ಪರದೆ ಆರಿದರೂ ನ್ಯಾವಿಗೇಶನ್ ನಡೆಯುತ್ತಿರುವವರೆಗೆ ಅದು 'ಬಳಕೆ'ಯಲ್ಲೇ ಇರುತ್ತದೆ.
3. ಹವಾಮಾನ, ಸುದ್ದಿ, ಶಾಪಿಂಗ್ ಆ್ಯಪ್‌ಗಳಿಗೆ 'ನಿಖರ ಲೊಕೇಶನ್' ಆಫ್ ಮಾಡಿ. ಐಫೋನಿನಲ್ಲಿ ಇದು ಐಓಎಸ್ 14ರಿಂದ, ಆಂಡ್ರಾಯ್ಡಿನಲ್ಲಿ 12ನೇ ಆವೃತ್ತಿಯಿಂದ ಇದೆ. ನ್ಯಾವಿಗೇಶನ್ ಆ್ಯಪ್‌ಗೆ ಮಾತ್ರ ನಿಖರ ಇರಲಿ, ಇಲ್ಲದಿದ್ದರೆ ಅದು ಯಾವ ರಸ್ತೆ ಎಂದೇ ತಿಳಿಯದೆ ತಡಕಾಡುತ್ತದೆ.
4. ಒಂದು ವಾರದ ನಂತರ ಪರಿಶೀಲಿಸಿ. ಆಂಡ್ರಾಯ್ಡಿನ ಪ್ರೈವಸಿ ಡ್ಯಾಶ್‌ಬೋರ್ಡ್ ಯಾವ ಆ್ಯಪ್ ಎಷ್ಟು ಹೊತ್ತಿಗೆ ಲೊಕೇಶನ್ ಕೇಳಿತು ಎಂದು ತೋರಿಸುತ್ತದೆ. ಐಫೋನಿನ ಆ್ಯಪ್ ಪ್ರೈವಸಿ ರಿಪೋರ್ಟ್ ಆನ್ ಮಾಡಿಟ್ಟರೆ 7 ದಿನಗಳ ಲೆಕ್ಕ ಕೊಡುತ್ತದೆ. ರಾತ್ರಿ ಎರಡು ಗಂಟೆಗೆ ಲೊಕೇಶನ್ ನೋಡಿದ ಆ್ಯಪ್ ಏನಾದರೂ ಕಂಡರೆ ಅದರ ಅನುಮತಿ ಕಿತ್ತುಹಾಕಿ.

ಖಾತೆಯಲ್ಲಿ ಉಳಿಯುವ ದಾಖಲೆ ಬೇರೆಯದೇ ವಿಷಯ. ನೀವು ಹೋದ ಜಾಗಗಳನ್ನು ದಾಖಲಿಸುವ ಗೂಗಲ್ ಟೈಮ್‌ಲೈನ್ ಈಗ ಫೋನಿನಲ್ಲೇ ಉಳಿಯುವಂತಾಗಿದೆ. ಅದನ್ನು ಆಫ್ ಮಾಡಿದ ಮಾತ್ರಕ್ಕೆ ಮುಗಿಯಲಿಲ್ಲ. ಮ್ಯಾಪಿನಲ್ಲಿ ನೀವು ಹುಡುಕಿದ ವಿಳಾಸಗಳು 'ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ' ಎಂಬ ಇನ್ನೊಂದು ಕಡೆ ಸೇರುತ್ತವೆ. ಅಲ್ಲಿ 3 ತಿಂಗಳಿಗೆ ತಾನಾಗಿ ಅಳಿಯುವ ಆಯ್ಕೆ ಹಾಕಿ. ಐಫೋನಿನಲ್ಲಿ ಲೊಕೇಶನ್ ಸರ್ವೀಸಸ್ ಪುಟದ ಕೆಳಗೆ ಸಿಸ್ಟಮ್ ಸರ್ವೀಸಸ್ ಒಳಗೆ, ನೀವು ಪದೇಪದೇ ಹೋಗುವ ಜಾಗಗಳನ್ನು ನೆನಪಿಡುವ 'ಸಿಗ್ನಿಫಿಕೆಂಟ್ ಲೊಕೇಶನ್ಸ್' ಇದೆ. ಅದರ ಮಾಹಿತಿ ಗೂಢಲಿಪಿಯಲ್ಲಿರುತ್ತದೆ, ಆಪಲ್ ಕಂಪನಿಗೂ ಅದನ್ನು ಓದಲಾಗುವುದಿಲ್ಲ, ಆದರೆ ನಿಮ್ಮ ಪಾಸ್‌ಕೋಡ್ ಗೊತ್ತಿರುವವರು ಫೋನಿನಲ್ಲೇ ನೋಡಬಹುದು.

ಏರ್‌ಪ್ಲೇನ್ ಮೋಡ್ ಹಾಕಿದರೆ ಜಾಡು ನಿಂತಿತು ಎಂಬುದು ತಪ್ಪು ತಿಳಿವಳಿಕೆ. ಈಗಿನ ಫೋನುಗಳಲ್ಲಿ ಜಿಪಿಎಸ್ ರಿಸೀವರ್ ಆಗಲೂ ಕೆಲಸ ಮಾಡುತ್ತದೆ. ಆ್ಯಪ್ ಬಿಂದುಗಳನ್ನು ಕೂಡಿಟ್ಟುಕೊಂಡು ನೆಟ್‌ವರ್ಕ್ ಬಂದಾಗ ಒಟ್ಟಿಗೆ ಕಳಿಸಬಹುದು. ಉಲ್ಟಾ ಕೂಡ ನಿಜ: ಲೊಕೇಶನ್ ಆಫ್ ಮಾಡಿದರೂ ಸಿಮ್ ಯಾವ ಟವರಿಗೆ ಅಂಟಿಕೊಂಡಿದೆ ಎಂಬುದು ಮೊಬೈಲ್ ಕಂಪನಿಗೆ ತಿಳಿದೇ ಇರುತ್ತದೆ. ಆಂಡ್ರಾಯ್ಡಿನಲ್ಲಿ ವೈಫೈ ಆಫ್ ಇದ್ದರೂ ಸುತ್ತಲಿನ ವೈಫೈ ಹೆಸರುಗಳಿಂದ ಜಾಗ ಅಂದಾಜಿಸುವ 'ವೈಫೈ ಸ್ಕ್ಯಾನಿಂಗ್' ಎಂಬ ಆಯ್ಕೆ ಲೊಕೇಶನ್ ಸೆಟ್ಟಿಂಗಿನೊಳಗೆ ಬೇರೆಯಾಗಿದೆ.

ಇನ್ನು ನಾವೇ ಕೈಯಾರೆ ಕೊಡುವ ಜಾಡು. ಸೈಟಿನ ಫೋಟೊದೊಳಗೆ ಅಕ್ಷಾಂಶ ರೇಖಾಂಶ ಅಡಗಿರುತ್ತದೆ. ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಉದುರಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಫೋಟೊದೊಳಗೇ ಉಳಿಯುತ್ತದೆ, ಇಮೇಲಿನಲ್ಲೂ ಉಳಿಯುತ್ತದೆ. ಕೆಲಸದ ಪುರಾವೆಗೆ ಆ ಗುರುತು ಬೇಕಾಗಿದ್ದರೆ ಇರಲಿ. ಮನೆಯಲ್ಲಿ ತೆಗೆದ ರಸೀದಿಯ ಫೋಟೊ ಕಚೇರಿಗೆ ಕಳಿಸುವಾಗ ಐಫೋನಿನ ಶೇರ್ ಪುಟದ ಮೇಲಿರುವ 'ಆಪ್ಷನ್ಸ್'ನಲ್ಲಿ ಲೊಕೇಶನ್ ತೆಗೆದುಹಾಕಿ, ಆಂಡ್ರಾಯ್ಡಿನಲ್ಲಿ ಕ್ಯಾಮೆರಾ ಸೆಟ್ಟಿಂಗಿನಲ್ಲೇ ಆಫ್ ಮಾಡಿಡಿ. ವಾಟ್ಸ್ಆ್ಯಪಿನ ಲೈವ್ ಲೊಕೇಶನ್ನಿಗೆ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಅವಧಿಗಳಿವೆ. ಗ್ರಾಹಕರು 'ಎಲ್ಲಿದ್ದೀರಿ' ಎಂದು ಕೇಳಿದಾಗ ತಲುಪಲು ಬೇಕಾದಷ್ಟು ಹೊತ್ತು ಮಾತ್ರ ಆರಿಸಿ, ತಲುಪಿದ ಕೂಡಲೇ ನಿಲ್ಲಿಸಿ. 8 ಗಂಟೆ ಆರಿಸಿ ಮರೆತರೆ ಆ ದಿನದ ಉಳಿದ ಎಲ್ಲ ಗ್ರಾಹಕರ ಮನೆಗಳೂ ಆ ಒಬ್ಬರಿಗೆ ಕಾಣುತ್ತವೆ. ಗೂಗಲ್ ಮ್ಯಾಪ್ಸಿನ ಲೊಕೇಶನ್ ಶೇರಿಂಗಿನಲ್ಲಿ 'ನೀವು ನಿಲ್ಲಿಸುವವರೆಗೆ' ಎಂಬ ಆಯ್ಕೆಯೂ ಇದೆ. ವರ್ಷದ ಹಿಂದೆ ಯಾರಿಗಾದರೂ ಕೊಟ್ಟದ್ದು ಇನ್ನೂ ನಡೆಯುತ್ತಿರಬಹುದು, ಇವತ್ತೇ ತೆರೆದು ನೋಡಿ.

ಮ್ಯಾಪಿನಲ್ಲೂ ಕಾರಿನ ಪರದೆಯಲ್ಲೂ 'ಮನೆ' ಎಂಬ ಗುರುತಿಗೆ ನಿಮ್ಮ ಬಾಗಿಲಿನ ವಿಳಾಸ ಹಾಕಬೇಡಿ, ಹತ್ತಿರದ ಒಂದು ದೊಡ್ಡ ರಸ್ತೆಯ ಕೂಡು ಜಾಗ ಹಾಕಿ. ಅಲ್ಲಿಂದ ಮನೆಗೆ ನಿಮಗೆ ದಾರಿ ಗೊತ್ತು. ಫೋನನ್ನೋ ಕಾರನ್ನೋ ಕದ್ದವನಿಗೆ ಗೊತ್ತಾಗಬಾರದು.

ಕಚೇರಿಯ ಆ್ಯಪ್ ನಿಮ್ಮ ಫೋನಿನಲ್ಲಿದ್ದರೆ

ಹಾಜರಿ, ಭೇಟಿಯ ಪುರಾವೆ, ತುರ್ತಿನಲ್ಲಿ ಹತ್ತಿರದವರನ್ನು ಕಳಿಸುವುದು, ಒಂಟಿಯಾಗಿ ಹೋದವರ ಸುರಕ್ಷೆ: ನೌಕರರ ಲೊಕೇಶನ್ ನೋಡಲು ಕಚೇರಿಗೆ ನ್ಯಾಯವಾದ ಕಾರಣಗಳಿವೆ. ಆ ಕಾರಣಗಳೆಲ್ಲ ಕೆಲಸದ ವೇಳೆಯೊಂದಿಗೆ ಮುಗಿಯುತ್ತವೆ. ಆ್ಯಪ್ ಹಾಕಿಕೊಳ್ಳುವ ಮುಂಚೆ ಇವನ್ನು ಬರಹದಲ್ಲಿ ಕೇಳಿ ತಿಳಿದುಕೊಳ್ಳಿ: ಎಷ್ಟು ನಿಮಿಷಕ್ಕೊಮ್ಮೆ ಬಿಂದು ದಾಖಲಾಗುತ್ತದೆ, ಶಿಫ್ಟ್ ಮುಗಿದ ಮೇಲೆ ತಾನಾಗಿ ನಿಲ್ಲುತ್ತದೆಯೇ, ಯಾರು ನೋಡಬಹುದು, ಎಷ್ಟು ತಿಂಗಳು ಇಟ್ಟುಕೊಳ್ಳುತ್ತಾರೆ, ಶಿಸ್ತುಕ್ರಮಕ್ಕೆ ಬಳಸುತ್ತಾರೆಯೇ, ನನ್ನ ದಾಖಲೆಯನ್ನು ನಾನೇ ನೋಡಬಹುದೇ. ಉತ್ತರ ಬರೆದು ಕೊಡಲು ಹಿಂಜರಿಯುವಲ್ಲಿ ನಿಯಮವೇ ಇಲ್ಲ ಎಂದು ತಿಳಿಯಬೇಕು, ನಿಯಮ ಮಾಡಿಸಬೇಕು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣಾ ಕಾನೂನು ಲೊಕೇಶನ್ ಮಾಹಿತಿಯನ್ನು ವೈಯಕ್ತಿಕ ಮಾಹಿತಿಯೆಂದು ಹೆಸರಿಸಿಯೇ ಹೇಳುತ್ತದೆ. ಫ್ರಾನ್ಸಿನ ದತ್ತಾಂಶ ರಕ್ಷಣಾ ಸಂಸ್ಥೆ ಸಿಎನ್‌ಐಎಲ್, ಕೆಲಸದ ವೇಳೆಯ ಆಚೆಗೆ ನೌಕರರ ಜಾಡು ಹಿಡಿಯಬಾರದು, ವಾಹನದ ಲೊಕೇಶನ್ ದಾಖಲೆಯನ್ನು ಸಾಮಾನ್ಯವಾಗಿ 2 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ಹೇಳುತ್ತದೆ. ನಿಮ್ಮ ಕಚೇರಿಯೊಂದಿಗೆ ಮಾತಾಡುವಾಗ ಎದುರಿಗಿಟ್ಟುಕೊಳ್ಳಲು ಇದೊಂದು ಒಳ್ಳೆಯ ಅಳತೆ.

ಸ್ವಂತ ಆಂಡ್ರಾಯ್ಡ್ ಫೋನಾದರೆ ಕಚೇರಿಯ ಆ್ಯಪ್‌ಗಳನ್ನು 'ವರ್ಕ್ ಪ್ರೊಫೈಲ್' ಎಂಬ, ಕೆಲಸಕ್ಕೆಂದೇ ಬೇರೆಯಾದ ವಿಭಾಗದ ಒಳಗೇ ಹಾಕಿಸಿಕೊಳ್ಳಿ. ಬ್ರೀಫ್‌ಕೇಸ್ ಚಿಹ್ನೆ ಇರುವ ಆ್ಯಪ್‌ಗಳೆಲ್ಲ ಅದರೊಳಗಿನವು. ಕೆಲಸ ಮುಗಿದೊಡನೆ ಪ್ರೊಫೈಲನ್ನು ತಾತ್ಕಾಲಿಕವಾಗಿ ನಿಲ್ಲಿಸಿದರೆ (ಪಾಜ್) ಅವೆಲ್ಲ ಒಟ್ಟಿಗೆ ಮಲಗುತ್ತವೆ. ಲೊಕೇಶನ್ ಸೆಟ್ಟಿಂಗಿನಲ್ಲಿ ವರ್ಕ್ ಪ್ರೊಫೈಲಿಗೆ ಬೇರೆಯೇ ಸ್ವಿಚ್ ಕೂಡ ಇದೆ. ಕಂಪನಿಯೇ ಕೊಟ್ಟ, ಪೂರ್ತಿ ಅದರ ಹಿಡಿತದಲ್ಲಿರುವ ಫೋನಿನಲ್ಲಿ ಲೊಕೇಶನ್ ಅನುಮತಿಯನ್ನು ಕಚೇರಿ ದೂರದಿಂದಲೇ ಕೊಟ್ಟಿರಬಹುದು. ಅಂಥ ಫೋನನ್ನು ಕೆಲಸ ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ, ಸ್ವಂತದ ಓಡಾಟಕ್ಕೆ ಒಯ್ಯದಿರುವುದೇ ಖಚಿತ ಮಾರ್ಗ. ಕಂಪನಿ ನಿರ್ವಹಿಸುವ ಐಫೋನಿನಲ್ಲಿ ನಿರ್ವಹಣಾ ವ್ಯವಸ್ಥೆ ಜಾಗ ಕೇಳಬಹುದಾದದ್ದು ಫೋನ್ ಕಳೆದಾಗ ಬಳಸುವ 'ಲಾಸ್ಟ್ ಮೋಡ್' ಹಾಕಿದಾಗ ಮಾತ್ರ; ಆದರೆ ಅದರಲ್ಲಿ ಹಾಕಿದ ಹಾಜರಿ ಆ್ಯಪ್‌ಗೆ ನೀವು 'ಸದಾಕಾಲ' ಅನುಮತಿ ಕೊಟ್ಟಿದ್ದರೆ ಅದು ಬೇರೆ ಬಾಗಿಲು.

ಗಾಡಿಗೆ ಕೂರಿಸಿದ ಟ್ರ್ಯಾಕರಿಗೂ ನಿಮ್ಮ ಫೋನಿಗೂ ಸಂಬಂಧವಿಲ್ಲ. ಅದಕ್ಕೆ ಅದರದೇ ಸಿಮ್ ಇದೆ, ಗಾಡಿಯ ಬ್ಯಾಟರಿಯಿಂದ ಓಡುತ್ತದೆ. ಕಂಪನಿಯ ಗಾಡಿಯನ್ನು ಸ್ವಂತಕ್ಕೆ ಬಳಸಲು ಒಪ್ಪಿಗೆ ಇದ್ದರೆ, ಖಾಸಗಿ ಪ್ರಯಾಣದ ಸ್ವಿಚ್ ಇದೆಯೇ ಎಂದು ಕೇಳಿ. ಹಲವು ಸಾಧನಗಳಲ್ಲಿ ಅಂಥ ಅನುಕೂಲ ಇರುತ್ತದೆ, ಆಗ ಕಿಲೋಮೀಟರ್ ಮಾತ್ರ ದಾಖಲಾಗಿ ಜಾಗ ದಾಖಲಾಗುವುದಿಲ್ಲ.

ಸುಳ್ಳು ಲೊಕೇಶನ್ ತೋರಿಸುವ ಆ್ಯಪ್‌ಗಳ ಸಹವಾಸ ಬೇಡ. ಆಂಡ್ರಾಯ್ಡ್ ಅಂಥ ಬಿಂದುವಿಗೆ 'ಇದು ಕೃತಕ' ಎಂಬ ಗುರುತು ಅಂಟಿಸುತ್ತದೆ, ಕಚೇರಿಯ ಆ್ಯಪ್ ಅದನ್ನು ಓದಬಲ್ಲದು. ಅಲ್ಲಿಗೆ ಖಾಸಗಿತನದ ನ್ಯಾಯವಾದ ದೂರು ಹೋಗಿ ಮೋಸದ ಆರೋಪ ಉಳಿಯುತ್ತದೆ.

ಗ್ರಾಹಕರ ವಿಳಾಸವೂ ಒಂದು ಗುಟ್ಟು

ಇದನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ಜಾಡಿನಲ್ಲಿ ನೀವೊಬ್ಬರೇ ಇಲ್ಲ. ಡಯಾಲಿಸಿಸ್ ನರ್ಸ್ ವಾರಕ್ಕೆ ಮೂರು ಸಲ ನಿಲ್ಲುವ ಮನೆಯಲ್ಲಿ ಯಾರಿಗೆ ಏನಾಗಿದೆ ಎಂಬುದನ್ನು ಆ ಬಿಂದುವೇ ಹೇಳುತ್ತದೆ. ಬೀಗ ರಿಪೇರಿಯವರ, ಸಾಲ ವಸೂಲಿಯವರ, ವಕೀಲರ ಭೇಟಿಗಳೂ ಹಾಗೆಯೇ. ಆದ್ದರಿಂದ ಸ್ವಂತ ಮ್ಯಾಪ್ ಖಾತೆಯಲ್ಲಿ ಗ್ರಾಹಕರ ಹೆಸರು, ಕಾಯಿಲೆ, ಗೇಟಿನ ಕೋಡ್, ಕೀಲಿ ಇಡುವ ಜಾಗ ಇವನ್ನು ಬರೆದು ಉಳಿಸಬೇಡಿ. ಕಚೇರಿಯ ಕೆಲಸದ ಸಂಖ್ಯೆ ಸಾಕು. ಮನೆಯ ಟ್ಯಾಬ್ಲೆಟ್ಟಿಗೂ ಅದೇ ಖಾತೆ ಜೋಡಿಸಿದ್ದರೆ ಉಳಿಸಿದ ಪಿನ್ನುಗಳು ಅಲ್ಲೂ ಕಾಣುತ್ತವೆ. ತಿಂಗಳಿಗೊಮ್ಮೆ ಹುಡುಕಾಟದ ಇತಿಹಾಸ ಅಳಿಸಿ, ಕೆಲಸ ಬಿಡುವ ದಿನ ಉಳಿಸಿದ ಎಲ್ಲ ಪಿನ್ನುಗಳನ್ನೂ ತೆಗೆದುಹಾಕಿ.

ಪ್ರಯಾಣ ಭತ್ಯೆಯ ಲೆಕ್ಕ

ಕಿಲೋಮೀಟರ್ ಲೆಕ್ಕಕ್ಕೆ ಗಾಡಿಯ ಓಡೋಮೀಟರ್ ಮುಖ್ಯ ಸಾಕ್ಷಿಯಾಗಲಿ, ಜಿಪಿಎಸ್ ಪಕ್ಕದ ಸಾಕ್ಷಿಯಾಗಲಿ. ಎರಡರ ನಡುವೆ ವ್ಯತ್ಯಾಸ ಬಂದೇ ಬರುತ್ತದೆ. ಗಾಡಿ ನಿಂತಿದ್ದರೂ ಚುಕ್ಕೆ ಕೆಲವು ಮೀಟರ್ ಅಲುಗಾಡುತ್ತದೆ. ಆ ಅಲುಗಾಟವನ್ನೆಲ್ಲ ಕೂಡಿಸುವ ಆ್ಯಪ್ ಹೆಚ್ಚು ದೂರ ತೋರಿಸುತ್ತದೆ. ಇನ್ನೊಂದು ಕಡೆ, ಬ್ಯಾಟರಿ ಉಳಿಸಲು ನಿಮಿಷಕ್ಕೊಂದೇ ಬಿಂದು ತೆಗೆದುಕೊಳ್ಳುವ ಆ್ಯಪ್ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದೊಂದು ಕಿಲೋಮೀಟರಿಗೆ ಒಂದು ಗೆರೆ ಎಳೆದುಬಿಡುತ್ತದೆ, ಅಷ್ಟರೊಳಗಿನ ತಿರುವುಗಳೆಲ್ಲ ಮಾಯವಾಗಿ ದೂರ ಕಡಿಮೆ ಬರುತ್ತದೆ. ಘಟ್ಟದ ರಸ್ತೆಯಲ್ಲಿ ಈ ನಷ್ಟ ಎದ್ದು ಕಾಣುತ್ತದೆ. ದಾಖಲೆ ಮಾಡುವ ಆ್ಯಪ್ ಬಳಸುವುದಾದರೆ 5 ಸೆಕೆಂಡಿಗೊಂದು ಬಿಂದು ಇರಲಿ, ನಿಂತಾಗ ತಾನಾಗಿ ನಿಲ್ಲುವ ಆಯ್ಕೆ ಆನ್ ಇರಲಿ.

ಬಿಲ್ಲಿಗೆ ಬೇಕಾದ್ದು ದಿನಾಂಕ, ಹೊರಟ ಜಾಗ, ತಲುಪಿದ ಜಾಗ, ಉದ್ದೇಶ, ಶುರು ಮತ್ತು ಕೊನೆಯ ಮೀಟರ್ ರೀಡಿಂಗ್. ಇಡೀ ಜಾಡಿನ ಕಡತವನ್ನು ಕಳಿಸಬೇಕಿಲ್ಲ. ಕೇಳಿದರೆ ಆ ಪ್ರಯಾಣದ್ದು ಮಾತ್ರ ಕಳಿಸಿ, ಇಡೀ ದಿನದ್ದಲ್ಲ. ಜಾಡಿನ ಬಿಂದುಗಳಿರುವ ಜಿಪಿಎಕ್ಸ್ ಕಡತ ಕೊಡುವಾಗ ಮನೆಯ ಹತ್ತಿರದ ಭಾಗ ಕತ್ತರಿಸಿ. ಅದನ್ನು ಯಾವಾಗಲೂ ಮನೆಯಿಂದ ಸರಿಯಾಗಿ 200 ಮೀಟರಿಗೆ ಕತ್ತರಿಸುವುದು ಮಾತ್ರ ತಪ್ಪು: ಬೇರೆಬೇರೆ ದಿಕ್ಕಿನ ನಾಲ್ಕು ಪ್ರಯಾಣಗಳ ತುದಿಗಳನ್ನು ಸೇರಿಸಿದರೆ ಒಂದು ವೃತ್ತ ಸಿಗುತ್ತದೆ, ಅದರ ಕೇಂದ್ರವೇ ನಿಮ್ಮ ಮನೆ. ಒಮ್ಮೆ 300, ಒಮ್ಮೆ 700 ಎಂದು ಏರುಪೇರಾಗಿ ಕತ್ತರಿಸಿ, ಇಲ್ಲವೇ ದಾಖಲೆಯನ್ನು ಮೊದಲ ಗ್ರಾಹಕರ ಬಾಗಿಲಿನಿಂದಲೇ ಶುರುಮಾಡಿ.

ಬಾಡಿಗೆ ಕಾರು ಹಿಂದಿರುಗಿಸುವ ಮುಂಚೆ

ಬೇರೆ ಊರಿನಲ್ಲಿ ತೆಗೆದುಕೊಂಡ ಕಾರಿಗೆ ಬ್ಲೂಟೂತ್ ಜೋಡಿಸಿದ ಕೂಡಲೇ ಅದು ಸಂಪರ್ಕ ಪಟ್ಟಿ, ಕರೆಗಳ ಪಟ್ಟಿ ಕೇಳುತ್ತದೆ. ದಾರಿ ನೋಡಲು ಅವು ಬೇಕಿಲ್ಲ, ಬೇಡ ಎನ್ನಿ. ಚಾರ್ಜ್ ಮಾಡಲು ಕಾರಿನ ಯುಎಸ್‌ಬಿ ಬದಲು ಲೈಟರ್ ಸಾಕೆಟ್ಟಿನ ಚಾರ್ಜರ್ ಬಳಸಿದರೆ ಮಾಹಿತಿ ಹರಿಯುವ ತಂತಿಯೇ ಇರುವುದಿಲ್ಲ. ಹಿಂದಿರುಗಿಸುವ ಹೊತ್ತಿಗೆ ಐದು ನಿಮಿಷ ಮೊದಲೇ ನಿಂತು, ಕಾರಿನ ಪರದೆಯಲ್ಲಿ ಬ್ಲೂಟೂತ್ ಪಟ್ಟಿಯಿಂದ ನಿಮ್ಮ ಫೋನ್ ಅಳಿಸಿ, ನ್ಯಾವಿಗೇಶನ್ನಿನ ಇತ್ತೀಚಿನ ವಿಳಾಸಗಳನ್ನೂ 'ಮನೆ' ಗುರುತನ್ನೂ ಅಳಿಸಿ, ಫ್ಯಾಕ್ಟರಿ ರೀಸೆಟ್ ಇದ್ದರೆ ಅದನ್ನೇ ಮಾಡಿ. ಆಮೇಲೆ ನಿಮ್ಮ ಫೋನಿನ ಬ್ಲೂಟೂತ್ ಪಟ್ಟಿಯಿಂದ ಆ ಕಾರಿನ ಹೆಸರು ತೆಗೆಯಿರಿ. ಕೀಲಿ ಕೊಡುವುದು ಇದೆಲ್ಲ ಆದ ಮೇಲೆ.